ಹಳೆಯ ಲಾರಿಯನ್ನು ಕೊಳ್ಳುವಾಗ ಗಂಟೆಯನ್ನೂ ನೋಡಬೇಕು

(ಒಬ್ಬ ವ್ಯವಸಾಯ ಇನ್ಸ್‌ಪೆಕ್ಟರು, ಎಲ್. ಏಜಿ.)

ನಮ್ಮ ರೈತರು ಎತ್ತನ್ನು ಕೊಳ್ಳುವಾಗ ಹಲ್ಲನ್ನು ನೋಡಿ ಅದರ ವಯಸ್ಸನ್ನೂ, ಹೆಗಲನ್ನು ಮುಟ್ಟಿ ಅದು ದುಡಿದಿರುವ ಪರಿಮಾಣವನ್ನೂ ತಿಳಿದುಕೊಳ್ಳುವರು. ಇವೆರಡರಲ್ಲಿ ಒಂದನ್ನೇ ನಂಬಿ ಹಣ ಕೊಡುವವನನ್ನು ಯಾರೂ ಜಾಣನೆನ್ನುವುದಿಲ್ಲ. ಆದರೆ ಅದೇ ರೈತರು ಹಳೆಯ ಲಾರಿಯನ್ನಾಗಲಿ ಪಿಕಪ್ಪನ್ನಾಗಲಿ ಕೊಳ್ಳುವಾಗ ಕಿಲೋಮೀಟರಿನ ಅಂಕೆಯೊಂದನ್ನೇ ನೋಡಿ ವ್ಯಾಪಾರ ಮುಗಿಸುವುದನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ನಾನು ಅನೇಕಸಲ ಕಂಡಿರುತ್ತೇನೆ.

ಈ ತಪ್ಪನ್ನು ನಾನೂ ಮಾಡಿರುತ್ತೇನೆ. ಕೆಲವು ವರ್ಷಗಳ ಹಿಂದೆ ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು, ಸೊಪ್ಪು ಗೊಬ್ಬರಗಳ ಸಾಗಾಣಿಕೆಗಾಗಿ ಒಂದು ಹಳೆಯ ಟಿಪ್ಪರನ್ನು ನೋಡಿ ನನ್ನ ಅಭಿಪ್ರಾಯವನ್ನು ಕೇಳಿದರು. ಓಡಿದ ದೂರ ಕಡಮೆಯಾಗಿದ್ದುದರಿಂದ "ಕೊಳ್ಳಬಹುದು" ಎಂದೆನು. ಅದು ಜಂಬಿಟ್ಟಿಗೆ ಕಲ್ಲಿನ ಕೋರೆಯಲ್ಲಿ ದುಡಿದ ಗಾಡಿಯೆಂಬುದನ್ನು ವಿಚಾರಿಸಲಿಲ್ಲ. ಮೊದಲನೆಯ ಮಳೆಗಾಲ ಕಳೆಯುವುದರೊಳಗೆ ಇಂಜಿನು ಎಣ್ಣೆ ಕುಡಿಯತೊಡಗಿತು. ಪಿಸ್ಟನ್, ರಿಂಗು, ಬೇರಿಂಗುಗಳನ್ನೆಲ್ಲ ಬದಲಾಯಿಸಬೇಕಾಯಿತು. ಆ ವರ್ಷದ ಅಡಿಕೆಯ ಹಣದಲ್ಲಿ ಬಹುಭಾಗ ವರ್ಕ್‌ಶಾಪಿಗೆ ಸಂದಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದುದರಿಂದಲೇ ಇದನ್ನು ಬರೆಯಬೇಕೆನ್ನಿಸಿತು.

ಕಿಲೋಮೀಟರಿನ ಯಂತ್ರವು ಗಾಲಿ ಉರುಳಿದುದನ್ನು ಮಾತ್ರ ಎಣಿಸುತ್ತದೆ. ಗಾಡಿಯು ಕೋರೆಯಲ್ಲಿ ಸರದಿಗೆ ಕಾದಿರುವಾಗಲೂ, ಟಿಪ್ಪರಿನ ಪೆಟ್ಟಿಗೆಯನ್ನು ಎತ್ತುವಾಗಲೂ, ಟ್ಯಾಂಕರಿನ ಪಂಪನ್ನು ನಡೆಸುವಾಗಲೂ ಇಂಜಿನು ತಿರುಗುತ್ತಲೇ ಇರುತ್ತದೆ. ಕಿಲೋಮೀಟರು ಮಾತ್ರ ಏರುವುದಿಲ್ಲ. ಮಲೆನಾಡಿನ ಏರಿನಲ್ಲಿ ಭಾರ ಹೊತ್ತು ಒಂದನೆಯ, ಎರಡನೆಯ ಗೇರಿನಲ್ಲಿ ಸಾಗುವಾಗ ದೂರ ಸ್ವಲ್ಪ, ದುಡಿಮೆ ಬಹಳ. ಟ್ರ್ಯಾಕ್ಟರನ್ನೂ ಟಿಲ್ಲರನ್ನೂ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕರೆಯುವ ನಮಗೆ ಈ ವಿಷಯ ಹೊಸದಲ್ಲ. ಲಾರಿಯ ಸಂಗತಿಯಲ್ಲಿ ಮಾತ್ರ ಇದನ್ನು ಮರೆಯುತ್ತೇವೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಲಾರಿ 60,000 ಕಿಲೋಮೀಟರು ಓಡಿ 4,000 ಗಂಟೆ ನಡೆದಿದೆ. ಮತ್ತೊಂದು 1,20,000 ಕಿಲೋಮೀಟರು ಓಡಿ 3,000 ಗಂಟೆ ನಡೆದಿದೆ. ದೂರವನ್ನು ಗಂಟೆಯಿಂದ ಭಾಗಿಸಿದರೆ ಮೊದಲನೆಯದರ ಸರಾಸರಿ ವೇಗ 15, ಎರಡನೆಯದರದು 40. ಓಡುವಾಗ ಇಂಜಿನು ನಿಮಿಷಕ್ಕೆ 1,800 ಸುತ್ತು ತಿರುಗಿತೆಂದರೆ ಎರಡನೆಯದು ಒಟ್ಟು 32 ಕೋಟಿ 40 ಲಕ್ಷ ಸುತ್ತು ತಿರುಗಿದಂತಾಯಿತು. ಮೊದಲನೆಯದು ತನ್ನ ಗಂಟೆಗಳಲ್ಲಿ ಅರ್ಧವನ್ನು ನಿಂತಲ್ಲೇ 800 ಸುತ್ತಿನಲ್ಲಿ ಕಳೆದಿದ್ದರೂ 31 ಕೋಟಿ 20 ಲಕ್ಷವಾಗುತ್ತದೆ. ಅರ್ಧ ದೂರ ಓಡಿದ ಗಾಡಿಯ ಇಂಜಿನು ಅರ್ಧವೇ ಸವೆದಿದೆಯೆಂದು ನಂಬಿ ಹೆಚ್ಚು ಬೆಲೆ ಕೊಡುವುದು ಎಷ್ಟು ನಷ್ಟದ ಮಾತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗೆಂದು ಗಂಟೆಯೇ ಸರ್ವಸ್ವವೆಂದು ನಾನು ಹೇಳುವುದಿಲ್ಲ. ಭಾರವೆಳೆದ ಗಂಟೆಯೂ ನಿಂತಿದ್ದ ಗಂಟೆಯೂ ಸಮನಲ್ಲ. ಹಳೆಯ ಟ್ರ್ಯಾಕ್ಟರುಗಳ ಗಂಟೆಯ ಮೀಟರು ಇಂಜಿನಿನ ಸುತ್ತನ್ನು ಅನುಸರಿಸುವುದರಿಂದ ನಿಧಾನವಾಗಿ ತಿರುಗುವಾಗ ಹಿಂದೆ ಬೀಳುತ್ತದೆ. ಹೊಸ ಎಲೆಕ್ಟ್ರಾನಿಕ್ ಮೀಟರು ಗಡಿಯಾರದ ಗಂಟೆಯನ್ನೇ ಎಣಿಸುತ್ತದೆ. ಬರಿದೆ ನಿಂತ ಗಂಟೆಯಲ್ಲಿಯೂ ಕೇಡಿಲ್ಲದೆ ಇಲ್ಲ. ಆಗುಂಬೆ, ಹುಲಿಕಲ್ಲುಗಳಂತಹ ಮಳೆಯ ಸೀಮೆಯಲ್ಲಿ ಇಂಜಿನು ಚೆನ್ನಾಗಿ ಕಾಯದೆ ಸಣ್ಣ ಸಣ್ಣ ಓಡಾಟದಲ್ಲಿಯೇ ಇದ್ದರೆ ಎಣ್ಣೆಯಲ್ಲಿ ನೀರಿನಂಶ ಸೇರಿ ಅದರ ಗುಣ ಕೆಡುತ್ತದೆ. 2020ನೆಯ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರು ಇಂತಹ ಬಳಕೆಯಿಂದ ಬೇಗನೆ ಕಟ್ಟಿಕೊಳ್ಳುತ್ತದೆ.

ಆದಕಾರಣ ಕೊಳ್ಳುವವರು ಎರಡು ಅಂಕೆಗಳನ್ನೂ ಕೇಳತಕ್ಕದ್ದು. ಗಂಟೆಯ ಮೀಟರಿಲ್ಲದ ಹೊಸ ಗಾಡಿಯಾದರೆ ಅನೇಕ ಮಾದರಿಗಳಲ್ಲಿ ಇಂಜಿನಿನ ಗಂಟೆಗಳು ಕಂಪ್ಯೂಟರಿನಲ್ಲಿ ದಾಖಲಾಗಿರುತ್ತವೆ. ವರ್ಕ್‌ಶಾಪಿನ ಸ್ಕ್ಯಾನರಿನಿಂದ ಓದಿಸಬಹುದು. ಹಳೆಯದಾದರೆ ಡೀಸೆಲಿನ ಮತ್ತು ಸರ್ವೀಸಿನ ಚೀಟಿಗಳನ್ನು ಕೇಳಿರಿ; ಗಾಡಿ ಯಾವ ಕೆಲಸದಲ್ಲಿತ್ತೆಂಬುದನ್ನು ಅದರ ಡ್ರೈವರನ್ನೇ ವಿಚಾರಿಸಿರಿ. ಪೆಡಲಿನ ರಬ್ಬರು ನುಣ್ಣಗೆ ಸವೆದು ಅಂಕೆ ಮಾತ್ರ ಸಣ್ಣದಿದ್ದರೆ ಸಂಶಯಪಡಿರಿ. ಇಂಜಿನನ್ನು ತಣ್ಣಗಿರುವಾಗಲೇ ನಿಮ್ಮೆದುರಿಗೆ ಚಾಲೂ ಮಾಡಿಸಿರಿ. ಕಾದ ಮೇಲೆ ಎಣ್ಣೆ ಹಾಕುವ ಮುಚ್ಚಳವನ್ನು ಬಲ್ಲ ಮೇಸ್ತ್ರಿಯಿಂದ ತೆಗೆಸಿ ನೋಡಿರಿ. ಅಲ್ಲಿಂದ ಹೊಗೆ ರಭಸವಾಗಿ ಬರುತ್ತಿದ್ದರೆ ರಿಂಗುಗಳು ಸವೆದಿರುವ ಸಂಭವವುಂಟು. ಕಂಪ್ರೆಶನ್ ಪರೀಕ್ಷೆಗೆ ತಗಲುವ ಖರ್ಚು ಇಂಜಿನನ್ನು ಬಿಚ್ಚಿಸುವ ಖರ್ಚಿನ ಮುಂದೆ ಏನೂ ಅಲ್ಲ.

ಹಳೆಯ ವಾಹನಕ್ಕೆ ಸಾಲ ಕೊಡುವ ಸಹಕಾರ ಸಂಘಗಳು ಸಹ ಅರ್ಜಿಯಲ್ಲಿ ಗಂಟೆಗೊಂದು, ಹಿಂದಿನ ಕೆಲಸಕ್ಕೊಂದು ಅಂಕಣವನ್ನು ಸೇರಿಸುವುದು ಉಚಿತವೆಂದು ನನ್ನ ಅಭಿಪ್ರಾಯ. ಗಾಡಿ ಕೆಟ್ಟು ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಎತ್ತಿನ ಹೆಗಲನ್ನು ಮುಟ್ಟಿ ನೋಡುವ ನಮ್ಮ ಹಿರಿಯರ ವಿವೇಕವನ್ನು ರೈತ ಬಾಂಧವರು ಲಾರಿಯ ವಿಷಯದಲ್ಲಿಯೂ ಉಪಯೋಗಿಸುವರೆಂದು ನಂಬಿರುತ್ತೇನೆ.