ಬಣ್ಣಕ್ಕೆ ಸಾಕ್ಷಿ ಯಾರು?

ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡದೆ ನಂಬಬಾರದೆಂದು ಹಿರಿಯರು ಹೇಳುತ್ತಾರೆ. ಚಿನ್ನದ ಊರಿನಲ್ಲೇ ಹುಟ್ಟಿ ಬೆಳೆದ ನನಗೆ, ಬಣ್ಣಕ್ಕೂ ಒಂದು ಒರೆಗಲ್ಲು ಬೇಕೆಂಬುದು ಮಾತ್ರ ಈಚೆಗೆ ತಿಳಿಯಿತು. ತಿಳಿಸಿಕೊಟ್ಟವರು ನನ್ನ ತಾಯಿ.

ತಂದೆಯವರು ಕೋಲಾರದ ಚಿನ್ನದ ಗಣಿಯಲ್ಲಿ ನೌಕರರಾಗಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿಯವರ ಕೈಸೇರಿ, 1902ರಷ್ಟು ಹಿಂದೆಯೇ ಶಿವನಸಮುದ್ರದ ವಿದ್ಯುತ್ತನ್ನು ಪಡೆದು, ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನಾವು ಉರಿಗಾಂ ಬಿಟ್ಟು ಬಂಗಾರಪೇಟೆಗೆ ಬಂದೆವು. ಬರುವಾಗ ತಂದೆಯವರು ಬೇರೆ ಯಾರ ಕೈಗೂ ಕೊಡದೆ ತಾವೇ ಮಡಿಲಲ್ಲಿಟ್ಟುಕೊಂಡು ತಂದದ್ದು ಒಂದು ಬಿಸ್ಕತ್ತಿನ ಡಬ್ಬಿ. ಅವರು ತೀರಿಕೊಂಡ ಮೇಲೆ ಅದನ್ನು ತೆರೆದೆ. ಒಳಗೆ ನೆಗೆಟಿವ್‌ಗಳ ತುಂಡುಗಳು, ಕೆಲವು ಸ್ಲೈಡುಗಳು. ಮನೆಯಲ್ಲಿದ್ದ ಫೋಟೋಗಳು ತೇವಕ್ಕೆ ಸಿಕ್ಕಿ ಎಂದೋ ಅಂಟಿಕೊಂಡು ಹಾಳಾಗಿದ್ದವು. ಉಳಿದಿದ್ದುದು ಇಷ್ಟೇ.

ಇಂಥವನ್ನು ಮನೆಯಲ್ಲೇ ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳುವ ಉಪಾಯವನ್ನು ನನ್ನ ವಿದ್ಯಾರ್ಥಿಯೊಬ್ಬ ಹೇಳಿಕೊಟ್ಟ. ಸಮನಾದ ಬಿಳಿ ಬೆಳಕು ಚೆಲ್ಲುವ ಹಲಗೆಯ ಮೇಲೆ ನೆಗೆಟಿವನ್ನು ಧೂಳು ಊದಿ ಚಪ್ಪಟೆಯಾಗಿ ಇಡಬೇಕು. ಹತ್ತಿರದ ವಸ್ತುವನ್ನು ಸ್ಫುಟವಾಗಿ ಹಿಡಿಯುವ ಮ್ಯಾಕ್ರೋ ಲೆನ್ಸಿನ ಕ್ಯಾಮೆರಾವನ್ನು ಅದರ ನೇರಕ್ಕೆ, ಅಲುಗದಂತೆ ನಿಲ್ಲಿಸಬೇಕು. ಕೋಣೆಯ ದೀಪ ಆರಿಸಿ, ಕ್ಯಾಮೆರಾ ಕಂಡದ್ದನ್ನು ಇದ್ದಂತೆಯೇ ಇಡುವ ರಾ ಕಡತವಾಗಿ ಚಿತ್ರ ತೆಗೆಯಬೇಕು. ಮುಂದಿನದು ಕಂಪ್ಯೂಟರಿನ ಕೆಲಸ.

ಕಪ್ಪುಬಿಳುಪು ನೆಗೆಟಿವ್ ಆಗಿದ್ದರೆ ಕಷ್ಟವಿಲ್ಲ. ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಫಿಲಂ ಅನೇಕರಿಗೆ ನೆನಪಿರಬಹುದು. ಅಂಥದರಲ್ಲಿ ಕಪ್ಪನ್ನು ಬಿಳುಪು ಮಾಡಿ ಬಿಳುಪನ್ನು ಕಪ್ಪು ಮಾಡಿದರೆ ಬಹುಮಟ್ಟಿಗೆ ಮುಗಿಯಿತು. ಬಣ್ಣದ ನೆಗೆಟಿವ್ ಹಾಗಲ್ಲ. ಅದರ ಮೈತುಂಬ ಕಿತ್ತಳೆಯ ಛಾಯೆ. ಇದು ಹಳತಾದ ಗುರುತೆಂದು ನಾನು ಭಾವಿಸಿದ್ದೆ; ಅದು ತಪ್ಪು. ಫಿಲಮಿನೊಳಗಿನ ವರ್ಣದ್ರವ್ಯಗಳು ತಾವು ಹೀರಬೇಕಾದ ಬೆಳಕಿನ ಜೊತೆಗೆ ಹೀರಬಾರದ ಬೆಳಕನ್ನೂ ಅಷ್ಟಿಷ್ಟು ಹೀರುತ್ತವೆ. ಆ ದೋಷ ಸರಿದೂಗಲೆಂದು ತಯಾರಕರೇ ಸೇರಿಸಿದ ಬಣ್ಣ ಅದು. ಅಂದಿನ ಮುದ್ರಣ ಕಾಗದಕ್ಕೆ ಅದರ ಗುಟ್ಟು ಗೊತ್ತಿತ್ತು. ಇಂದಿನ ಕ್ಯಾಮೆರಾಕ್ಕೆ ಗೊತ್ತಿಲ್ಲ. ಆದ್ದರಿಂದ ತಂತ್ರಾಂಶ ಬೇಕು. ಹಣ ಕೊಟ್ಟು ಕೊಳ್ಳುವಂಥವೂ ಇವೆ. ಉಚಿತವಾಗಿ ದೊರೆಯುವ ಡಾರ್ಕ್‌ಟೇಬಲ್‌ನಲ್ಲಿ 2020ರಿಂದ 'ನೆಗಡಾಕ್ಟರ್' ಎಂಬ ವೈದ್ಯನೇ ಇದ್ದಾನೆ. ಚಿತ್ರವಿಲ್ಲದ ಅಂಚಿನಲ್ಲಿ ಕಿತ್ತಳೆಯ ಪ್ರಮಾಣವನ್ನು ಅಳೆದು, ಅಷ್ಟನ್ನು ಇಡೀ ಚಿತ್ರದಿಂದ ಕಳೆದು, ಆಮೇಲೆ ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ತಿರುಗಿಸಿ ಹದಗೊಳಿಸುವುದು ಅವನ ಚಿಕಿತ್ಸೆ. ಆ ಕಾರಣ ಚಿತ್ರ ತೆಗೆಯುವಾಗ ಅಂಚನ್ನು ಕತ್ತರಿಸಬಾರದು.

ಮೊದಲು ಎತ್ತಿಕೊಂಡದ್ದು 1986ರ ಒಂದು ಚಿತ್ರ. ಸೈನೈಡ್ ಗುಡ್ಡದ ಮುಂದೆ ನವದಂಪತಿಗಳಾದ ತಂದೆ ತಾಯಿ. ಅದಿರನ್ನು ಹಿಟ್ಟುಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು ಬೆಟ್ಟವಾಗಿ ನಿಂತಿರುವುದನ್ನು ನಮ್ಮ ಕಡೆಯವರೆಲ್ಲ ಬಲ್ಲರು. ಬಣ್ಣವನ್ನು ತಂತ್ರಾಂಶವೇ ನಿರ್ಧರಿಸಲೆಂದು ಬಿಟ್ಟುಕೊಟ್ಟೆ. ಕ್ಷಣದಲ್ಲಿ ಚಿತ್ರ ಬೆಳಗಿತು. ಹೆಮ್ಮೆಯಿಂದ ಅಮ್ಮನನ್ನು ಕರೆದು ತೋರಿಸಿದೆ.

ಅಮ್ಮ ಕನ್ನಡಕ ಸರಿಪಡಿಸಿಕೊಂಡು ನೋಡಿದರು. "ಏನಪ್ಪಾ ಇದು, ಗುಡ್ಡವನ್ನು ಸುಣ್ಣದ ರಾಶಿ ಮಾಡಿಬಿಟ್ಟಿದ್ದೀಯಾ? ನಿಮ್ಮಪ್ಪನ ಖಾಕಿ ಅಂಗಿ ಬೂದಿಯಾಗಿದೆ. ನನ್ನ ಧಾರೆ ಸೀರೆ ಇದಲ್ಲವೇ ಅಲ್ಲ!"

ತಪ್ಪು ಎಲ್ಲಿಯದೆಂದು ಆಮೇಲೆ ಹೊಳೆಯಿತು. ಚಿತ್ರದ ಬಣ್ಣಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಬೂದು ಬರಬೇಕೆಂಬುದು ಇಂಥ ಸ್ವಯಂಚಾಲಿತ ಲೆಕ್ಕಗಳ ಒಂದು ಸಾಮಾನ್ಯ ಊಹೆ. ಮುಕ್ಕಾಲು ಪಾಲು ಮಸುಕು ಹಳದಿಯ ಗುಡ್ಡವೇ ತುಂಬಿದ್ದ ಚಿತ್ರದಲ್ಲಿ ಅದು ಹಳದಿಯನ್ನೇ ರೋಗವೆಂದು ತಿಳಿದು ತೆಗೆದುಹಾಕಿತ್ತು. ಯಂತ್ರಕ್ಕೆ ಗಣಿತ ಗೊತ್ತು, ನಮ್ಮ ಊರು ಗೊತ್ತಿಲ್ಲ.

ಅಮ್ಮ ಮಾತಾಡದೆ ಒಳಗೆ ಹೋಗಿ ಟ್ರಂಕು ತೆರೆದು, ಅದೇ ಸೀರೆಯನ್ನು ತಂದರು. ಹೊರಮಡಿಕೆ ಮಾಸಿತ್ತು; ಒಳಮಡಿಕೆ ಬಿಚ್ಚಿದರೆ ಅರಿಶಿನದ ಒಡಲು, ಕುಂಕುಮದ ಅಂಚು. ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದು ಕುಳಿತರು. ನಾನು ನೀಲಿಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ, ಪರದೆಯ ಸೀರೆ ಕೈಯಲ್ಲಿದ್ದ ಸೀರೆಗೆ ಹೊಂದುವವರೆಗೆ ತಿದ್ದಿದೆ. ಸೀರೆ ಸರಿಹೋದಂತೆ ಗುಡ್ಡವೂ ತನ್ನ ಮಣ್ಣಿನ ಬಣ್ಣಕ್ಕೆ ಬಂತು, ಅಂಗಿ ಖಾಕಿಯಾಯಿತು. ಅಮ್ಮ ಬಹಳ ಹೊತ್ತು ನೋಡಿ, "ಹೂಂ, ಈಗ ನಿಮ್ಮಪ್ಪ" ಎಂದರು. ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ನನಗೆ ಬೇಕಿರಲಿಲ್ಲ.

ಸ್ಲೈಡುಗಳ ಕಥೆ ಬೇರೆ. ಅವು ನೇರ ಚಿತ್ರಗಳು, ಕಿತ್ತಳೆಯ ಕಾಟವಿಲ್ಲ. 2009ರಲ್ಲಿ ತಯಾರಿಕೆ ನಿಂತ ಕೊಡಾಕ್ರೋಮ್ ಫಿಲಮಿನವಾದರೆ ಕತ್ತಲಲ್ಲಿ ಇಟ್ಟವು ಇಂದಿಗೂ ಚೆನ್ನಾಗಿರುತ್ತವೆ. ಬೇರೆ ಕೆಲವದರಲ್ಲಿ ನೀಲಿ ಹಸಿರಿನ ದ್ರವ್ಯ ಮೊದಲು ಸೋತು, ಚಿತ್ರವೆಲ್ಲ ಕೆಂಪಾಗುತ್ತದೆ. ಉಳಿದ ಬಣ್ಣಗಳ ಸಮತೋಲವನ್ನು ತಂತ್ರಾಂಶ ತರಬಲ್ಲುದು. ಪೂರ್ತಿ ಅಳಿದುಹೋದದ್ದನ್ನು ಊಹಿಸಬಲ್ಲುದೇ ಹೊರತು ಹಿಂದಕ್ಕೆ ತರಲಾರದು.

ಇಷ್ಟನ್ನೂ ಓದುಗರ ಮುಂದಿಡಲು ಕಾರಣವಿದೆ. 2018ರಲ್ಲಿ ಬಂದ ಪ್ರಸಿದ್ಧ ಚಲನಚಿತ್ರವನ್ನು ಕಂಡ ನನ್ನ ಎಳೆಯ ವಿದ್ಯಾರ್ಥಿಗಳು ಕೆ.ಜಿ.ಎಫ್. ಎಂದರೆ ಮಸಿ ಬಳಿದ ಕಪ್ಪು ಲೋಕವೆಂದೇ ನಂಬಿದ್ದಾರೆ. ಕಥೆಗೆ ಆ ಬಣ್ಣ ಬೇಕಿತ್ತು, ಆಕ್ಷೇಪವಿಲ್ಲ. ಆದರೆ ಗಣಿಯ ಕಾಲೊನಿಗಳಲ್ಲಿ ಹಬ್ಬವಿತ್ತು, ಮದುವೆಯಿತ್ತು, ಅರಿಶಿನದ ಸೀರೆಯಿತ್ತು ಎಂದು ಹೇಳಬಲ್ಲವರು ವರ್ಷವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಮಕ್ಕಳು ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಯ ಮೇಲೆ ಸಾಗುವ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮನೆಯಲ್ಲಿ ಡಬ್ಬಿಯೂ ಮುದುಕರೂ ಉಳಿಯುತ್ತಾರೆ.

ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಡಬ್ಬಿ ಇದ್ದೀತು. ತೆರೆದಾಗ ವಿನೆಗರಿನ ಹುಳಿವಾಸನೆ ಬಂದರೆ ಫಿಲಂ ಕೆಡತೊಡಗಿದೆಯೆಂದು ತಿಳಿದು, ಅದನ್ನು ಬೇರೆಯಿಟ್ಟು ಮೊದಲು ಅದರ ಪ್ರತಿ ತೆಗೆಯಿರಿ. ಪ್ರತಿಯಾಯಿತೆಂದು ಮೂಲವನ್ನು ಎಸೆಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ತಿದ್ದುವಾಗ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಹೇಳಿದ ಹೆಸರು, ಊರು, ಬಣ್ಣಗಳನ್ನು ಬರೆದಿಡಿ. ಆ ಡಬ್ಬಿಯಲ್ಲಿ ಇನ್ನೂ ನೂರಕ್ಕೂ ಹೆಚ್ಚು ಚಿತ್ರಗಳಿವೆ, ಅಮ್ಮನಿಗೆ ಒಂದು ಕಣ್ಣಿನಲ್ಲಿ ಪೊರೆ ಬರುತ್ತಿದೆ. ಈ ಭಾನುವಾರ ನಾನು ಬೇರಾವ ಕೆಲಸವನ್ನೂ ಇಟ್ಟುಕೊಂಡಿಲ್ಲ.