ಗೂಗಲ್ ಬಿಡಿ, ಕ್ಯಾಲೆಂಡರ್ ನೋಡಿ

ರಾತ್ರಿ ಎರಡು ಗಂಟೆ. ಪಿಜಿ ರೂಮಿನಲ್ಲಿ ಪಕ್ಕದ ಮಂಚದವರಿಗೆ ಗಾಢ ನಿದ್ದೆ. ನೀವು ಮಾತ್ರ ಹೊದಿಕೆಯೊಳಗೆ ಫೋನ್ ಹಿಡಿದು ‘ಎಚ್‌ಐವಿ ಲಕ್ಷಣಗಳು’ ಅಂತ ಹುಡುಕ್ತಿದ್ದೀರಿ. ಕಾಂಡೋಮ್ ಇಲ್ಲದೆ ಕಳೆದದ್ದು ಒಂದೇ ರಾತ್ರಿ, ನಿದ್ದೆಗೆಟ್ಟಿದ್ದು ಹತ್ತು ರಾತ್ರಿ. ಮನೆಯಲ್ಲಿ ಹೇಳೋಕಾಗಲ್ಲ, ಗೆಳೆಯರ ಹತ್ರ ಹೇಳೋಕೆ ನಾಚಿಕೆ.

ಮೊದಲು ಒಂದು ಮಾತು. ಲಕ್ಷಣ ನೋಡಿ ಎಚ್‌ಐವಿ ಇದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಜ್ವರ, ಗಂಟಲು ನೋವು, ಮೈಮೇಲೆ ದದ್ದು ಎಲ್ಲವೂ ಸಾಧಾರಣ ವೈರಲ್ ಜ್ವರದಲ್ಲೂ ಬರುತ್ತವೆ. ಬೆವರು, ಹೊಟ್ಟೆ ಕೆಡೋದು ಬರೀ ಭಯದಿಂದಲೂ ಆಗುತ್ತೆ. ಸೋಂಕು ತಗುಲಿದ ಎಷ್ಟೋ ಜನಕ್ಕೆ ವರ್ಷಗಟ್ಟಲೆ ಏನೂ ಗೊತ್ತಾಗೋದೇ ಇಲ್ಲ. ಉತ್ತರ ಕೊಡೋದು ಪರೀಕ್ಷೆ ಮಾತ್ರ, ಅದೂ ಸರಿಯಾದ ದಿನಕ್ಕೆ ಮಾಡಿಸಿದರೆ. ಹಾಗಾಗಿ ಘಟನೆ ನಡೆದ ತಾರೀಖು ಬರೆದುಕೊಳ್ಳಿ.

ಇನ್ನೂ 72 ಗಂಟೆ ಆಗಿಲ್ವಾ? ಓದೋದು ನಿಲ್ಲಿಸಿ, ಈಗಲೇ ವೈದ್ಯರ ಬಳಿ ಹೋಗಿ. ಸೋಂಕು ತಡೆಯುವ ‘ಪೆಪ್’ ಮಾತ್ರೆಗಳಿವೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 28 ದಿನ ತಪ್ಪದೆ ತಗೋಬೇಕು. ನಿಮಗೆ ಬೇಕೋ ಬೇಡವೋ ಅನ್ನೋದನ್ನ ವೈದ್ಯರು ತೀರ್ಮಾನಿಸ್ತಾರೆ. ಗರ್ಭ ನಿಲ್ಲುವ ಆತಂಕವಿದ್ದರೆ ಅದನ್ನೂ ಆಗಲೇ ಕೇಳಿ.

72 ಗಂಟೆ ದಾಟಿದ್ದರೆ, ಮುಂದಿನದು ಕಾಯುವ ಲೆಕ್ಕ. ಮರುದಿನವೇ ಓಡಿಹೋಗಿ ಮಾಡಿಸಿದ ಟೆಸ್ಟ್ ಆ ರಾತ್ರಿಯ ಬಗ್ಗೆ ಏನನ್ನೂ ಹೇಳೋದಿಲ್ಲ. ಲ್ಯಾಬ್‌ನಲ್ಲಿ ಕೈಯಿಂದ ರಕ್ತ ತೆಗೆದು ಮಾಡುವ ನಾಲ್ಕನೇ ತಲೆಮಾರಿನ ಟೆಸ್ಟ್ 45 ದಿನದ ಹೊತ್ತಿಗೆ ನೆಗೆಟಿವ್ ಬಂದರೆ ನಂಬಬಹುದು. ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಟೆಸ್ಟ್ ಆದರೆ 90 ದಿನ. ಪೆಪ್ ತಗೊಂಡಿದ್ದರೆ ಲೆಕ್ಕ ಬೇರೆ, ವೈದ್ಯರು ಹೇಳಿದ ದಿನವೇ ಹೋಗಿ. ಸಿಫಿಲಿಸ್, ಹೆಪಟೈಟಿಸ್ ಬಿ ಟೆಸ್ಟ್‌ಗಳ ಬಗ್ಗೆಯೂ ವಿಚಾರಿಸಿ. ಅಲ್ಲೀವರೆಗೂ ಕಾಂಡೋಮ್ ಕಡ್ಡಾಯ. ಟೆಸ್ಟ್ ಆಗುತ್ತಲ್ಲ ಅಂತ ರಕ್ತದಾನಕ್ಕೆ ಮಾತ್ರ ಹೋಗಬೇಡಿ. ಆರಂಭದ ದಿನಗಳಲ್ಲಿ ಸೋಂಕು ಟೆಸ್ಟ್‌ಗೆ ಸಿಗದೆ, ರಕ್ತ ಪಡೆದವರಿಗೆ ದಾಟಿಬಿಡಬಹುದು.

ಎಲ್ಲಿ ಮಾಡಿಸೋದು? ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಐಸಿಟಿಸಿ ಕೇಂದ್ರ ಇರುತ್ತೆ. ಟೆಸ್ಟ್ ಉಚಿತ, ಮೊದಲೂ ಆಮೇಲೂ ಆಪ್ತ ಸಮಾಲೋಚಕರು ಮಾತಾಡ್ತಾರೆ. ಮನೆಯಿಂದಲೇ ವಿಚಾರಿಸಬೇಕಾದರೆ ಉಚಿತ ಸಹಾಯವಾಣಿ 1097. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿರಬೇಕು, ಕೆಲಸಕ್ಕೆ ಸೇರಿಸಿಕೊಳ್ಳಲು ಈ ಟೆಸ್ಟ್ ಕೇಳುವಂತಿಲ್ಲ.

ಕಾಯುವ ದಿನಗಳು ಸುಲಭವಲ್ಲ, ನಿಜ. ಟೆಸ್ಟ್ ದಿನಕ್ಕೆ ಫೋನಲ್ಲಿ ರಿಮೈಂಡರ್ ಹಾಕಿ. ಅಲ್ಲೀವರೆಗೆ ನಾಲಿಗೆ, ಕುತ್ತಿಗೆ ಮುಟ್ಟಿ ನೋಡಿಕೊಳ್ಳೋದು ಬೇಡ. ನಂಬಿಕಸ್ಥರೊಬ್ಬರಿಗೆ ವಿಷಯ ಹೇಳಿ. ಟೆಸ್ಟ್ ದಿನ ಜೊತೆಗೆ ಬರೋಕೆ ಒಬ್ಬರಿದ್ದರೆ ಸಾಕು. ಊಟ, ನಿದ್ದೆ ಎರಡೂ ತಪ್ಪುತ್ತಿದ್ದರೆ, ಜೀವ ಬೇಡ ಅನಿಸುತ್ತಿದ್ದರೆ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಸರಿಯಾದ ದಿನಕ್ಕೆ ಮಾಡಿಸಿದ ಟೆಸ್ಟ್ ನೆಗೆಟಿವ್ ಬಂದರೆ, ಆ ರಾತ್ರಿಯ ಲೆಕ್ಕ ಅಲ್ಲಿಗೆ ಮುಗೀತು. ಮತ್ತೆ ಐದು ಲ್ಯಾಬ್ ಸುತ್ತಬೇಡಿ. ಆಮೇಲೂ ಭಯ ಬಿಡದಿದ್ದರೆ ಚಿಕಿತ್ಸೆ ಬೇಕಾಗಿರೋದು ಆ ಭಯಕ್ಕೆ, ಮನೋವೈದ್ಯರನ್ನ ನೋಡಿ.

ಮೊದಲ ಟೆಸ್ಟ್ ರಿಯಾಕ್ಟಿವ್ ಬಂದರೆ? ಅದೇ ಕೊನೆ ಮಾತಲ್ಲ. ಬೇರೆ ಬೇರೆ ಕಿಟ್‌ಗಳಲ್ಲಿ ಮೂರು ಪರೀಕ್ಷೆ ಆದ ಮೇಲಷ್ಟೇ ಪಾಸಿಟಿವ್ ಅಂತ ಖಚಿತಪಡಿಸ್ತಾರೆ. ಖಚಿತವಾದರೂ ಎಆರ್‌ಟಿ ಮಾತ್ರೆ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ದಿನಾ ತಗೊಂಡು ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡೋದಿಲ್ಲ. ಕೆಲಸ, ಮದುವೆ, ಮಕ್ಕಳು ಎಲ್ಲ ಸಾಧ್ಯ.

ಎರಡರಲ್ಲಿ ಯಾವ ಉತ್ತರ ಬಂದರೂ ಮುಂದೆ ದಾರಿ ಇದೆ. ತಾರೀಖು ಗುರುತು ಹಾಕಿ, ಫೋನ್ ಪಕ್ಕಕ್ಕಿಟ್ಟು ಮಲಗಿ.