ಫೋಟೊ ಹಗುರಾಗಲಿ, ಊರಿಗೆ ಬೇಗ ತಲುಪಲಿ

ಐರ್ಲೆಂಡಿನ ವಿದ್ಯುತ್ ಬಳಕೆಯಲ್ಲಿ ಡೇಟಾ ಸೆಂಟರ್‌ಗಳ ಪಾಲು 2015ರಲ್ಲಿ ಶೇ 5. 2023ರಲ್ಲಿ ಶೇ 21. ಆ ವರ್ಷ ನಗರ, ಪಟ್ಟಣಗಳ ಮನೆಗಳೆಲ್ಲ ಸೇರಿ ಬಳಸಿದ್ದು ಶೇ 18 ಎನ್ನುತ್ತದೆ ಇಲ್ಲಿನ ಕೇಂದ್ರ ಅಂಕಿಅಂಶ ಕಚೇರಿ. ನಾವು ಜಾಲತಾಣಕ್ಕೆ ಹಾಕುವ ರಾಜ್ಯೋತ್ಸವದ ಫೋಟೊಗಳೂ ಇಂಥದೇ ಕಟ್ಟಡಗಳಲ್ಲಿ ಇರುತ್ತವೆ.

ಮೊಬೈಲಿನ ಒಂದು ಫೋಟೊ 4 ಎಂಬಿ ಎಂದುಕೊಳ್ಳೋಣ. ಅಳತೆ ತಗ್ಗಿಸಿ, ಗೂಗಲ್ 2010ರಲ್ಲಿ ತಂದ ವೆಬ್‌ಪಿ ರೂಪಕ್ಕೆ ಬದಲಿಸಿದರೆ 200 ಕೆಬಿ ಸಾಕು. ಫೋನಿನ ಪರದೆಯಲ್ಲಿ ವ್ಯತ್ಯಾಸ ಕಾಣದು. ನೂರು ಫೋಟೊಗೆ 400 ಎಂಬಿ ಬದಲು 20. ಒಬ್ಬರ ಉಳಿತಾಯ ಚಿಕ್ಕದು. ನೋಡುವವರು ಹೆಚ್ಚಿದಷ್ಟೂ ಲೆಕ್ಕ ಬೆಳೆಯುತ್ತದೆ.

ಊರಲ್ಲಿ ದುರ್ಬಲ ಸಿಗ್ನಲ್ಲಿನಲ್ಲಿ ಮೊಮ್ಮಕ್ಕಳ ವೇಷ ನೋಡಲು ಕಾಯುವ ಅಜ್ಜ-ಅಜ್ಜಿಯರ ಡೇಟಾ ಪ್ಯಾಕೂ ಉಳಿಯುತ್ತದೆ. ನಮ್ಮ ಸಂಘಗಳು ಬರುವ ನವೆಂಬರಿನಿಂದಲೇ ಇದನ್ನು ನಿಯಮ ಮಾಡಿಕೊಳ್ಳಲಿ.